ಐಸ್‌ಕ್ರೀಮ್ ಕೇಕ್: ನಮ್ಮ ಬಿಸಿಲಿಗೆ ಎರಡು ಗಂಟೆ ಸಾಲದು

ಮಾನ್ಯರೇ,

ಕಳೆದ ವಾರದ ಪುರವಣಿಯಲ್ಲಿ ಬಂದ ಮನೆಯಲ್ಲೇ ಮಾಡುವ ಐಸ್‌ಕ್ರೀಮ್ ಕೇಕಿನ ವಿಧಾನ ಬೆಂಗಳೂರಿನ ಅಡುಗೆಮನೆಗೆ ಸರಿಹೋದೀತು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅದನ್ನೇ ಪಾಲಿಸಿದರೆ ತಟ್ಟೆಗೆ ಬರುವುದು ಮಿಲ್ಕ್‌ಶೇಕಿನಲ್ಲಿ ನೆನೆದ ಬ್ರೆಡ್ಡು. ‘ಐಸ್‌ಕ್ರೀಮನ್ನು ಹೊರಗಿಟ್ಟು ಮೆತ್ತಗಾಗಿಸಿ, ಕೇಕಿನ ಮೇಲೆ ಹರಡಿ, ಎರಡು ಗಂಟೆ ಫ್ರೀಜರ್‌ನಲ್ಲಿಡಿ’ ಎಂದಷ್ಟೇ ಇತ್ತು. ಟಿನ್ ಎಷ್ಟು ಇಂಚಿನದು, ಐಸ್‌ಕ್ರೀಮ್ ಎಷ್ಟು, ಫ್ರೀಜರ್ ಎಷ್ಟು ತಣ್ಣಗಿರಬೇಕು, ಯಾವುದೂ ಇಲ್ಲ. ಈ ಕೇಕಿನಲ್ಲಿ ಕೈರುಚಿಗಿಂತ ಥಂಡಿಯ ಲೆಕ್ಕವೇ ದೊಡ್ಡದು.

ಮೊದಲು ಫ್ರಿಜ್ಜಿನ ಮಾತು. ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರ್ ಬೇಸಿಗೆಯಲ್ಲಿ ಈ ಕೇಕಿಗೆ ಬೇಕಾದ ಮೈನಸ್ 18 ಡಿಗ್ರಿಗೆ ಇಳಿಯುವುದು ಕಷ್ಟ. ಗೋಡೆಗೆ ಅರ್ಧ ಇಂಚು ಹಿಮ ಕಟ್ಟಿದ್ದರೆ ಇನ್ನೂ ಕಷ್ಟ. ಆ ಹಿಮವೇ ಥಂಡಿ ಒಳಗೆ ಬಾರದಂತೆ ತಡೆಯುತ್ತದೆ. ಕೇಕ್ ಮಾಡುವ ಎರಡು ದಿನ ಮೊದಲು ಡಿಫ್ರಾಸ್ಟ್ ಮಾಡಿ, ಹಿಂದಿನ ರಾತ್ರಿಯೇ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿಡಬೇಕು. ಫ್ರೀಜರ್ ಸಾಕಷ್ಟು ತಣ್ಣಗಿದೆಯೇ ಎಂದು ನೋಡಲು ಒಂದು ಕಪ್ ಐಸ್‌ಕ್ರೀಮ್ ರಾತ್ರಿಯಿಡೀ ಇಟ್ಟು ನೋಡಿ. ಬೆಳಿಗ್ಗೆ ಚಮಚ ತಡೆಯಿಲ್ಲದೆ ಇಳಿದರೆ ಆ ಫ್ರೀಜರ್‌ನಲ್ಲಿ ಈ ಕೇಕ್ ನಿಲ್ಲುವುದಿಲ್ಲ. ಐಸ್ ಟ್ರೇಯಲ್ಲಿ ನೀರು ಗಟ್ಟಿಯಾಗಿದೆಯಲ್ಲ ಎಂದು ನಂಬಿ ಕೂರಬೇಡಿ. ನೀರು ಸೊನ್ನೆ ಡಿಗ್ರಿಗೇ ಗಟ್ಟಿಯಾಗುತ್ತದೆ; ಐಸ್‌ಕ್ರೀಮಿನಲ್ಲಿ ಸಕ್ಕರೆ ಇರುವುದರಿಂದ ಮೈನಸ್ 10ರಲ್ಲೂ ಅದು ಮೆತ್ತಗೇ ಇರುತ್ತದೆ.

ಅಳತೆ ಹೀಗೆ: 7 ಇಂಚು ಅಗಲ, 3 ಇಂಚು ಎತ್ತರದ, ತಳ ಬಿಚ್ಚುವ ಟಿನ್ನಿಗೆ 1 ಲೀಟರ್ ಐಸ್‌ಕ್ರೀಮ್ ಮತ್ತು 1 ಸೆಂಟಿಮೀಟರ್ ದಪ್ಪದ ಎರಡು ಹಾಳೆ ಸ್ಪಂಜ್ ಕೇಕ್. ಹತ್ತು-ಹನ್ನೆರಡು ಮಂದಿಗೆ ಸಾಕು. ಸ್ಪಂಜಿಗೆ ಬೆಣ್ಣೆ ಹಾಕಬೇಡಿ. ಥಂಡಿಗೆ ಬೆಣ್ಣೆ ಕಲ್ಲಾಗುತ್ತದೆ, ಎಣ್ಣೆಯ ಕೇಕ್ ಫ್ರೀಜರ್‌ನಲ್ಲೂ ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಮೈದಾ 125 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಗಟ್ಟಿ ಮೊಸರು 160 ಮಿಲಿ, ವಾಸನೆಯಿಲ್ಲದ ಎಣ್ಣೆ 80 ಮಿಲಿ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ. ಓವನ್ನಿನಲ್ಲಿ 180 ಡಿಗ್ರಿಗೆ ಅರ್ಧ ಗಂಟೆ. ಕುಕ್ಕರಿನಲ್ಲಾದರೆ ಗ್ಯಾಸ್ಕೆಟ್, ಸೀಟಿ ತೆಗೆದು ಸಣ್ಣ ಉರಿಯಲ್ಲಿ 35-40 ನಿಮಿಷ. ಪೂರ್ತಿ ಆರಿದ ಮೇಲೆಯೇ ಕೊಯ್ಯಬೇಕು. ಸ್ಪಂಜಿಗೆ ಹಾಲು ಚಿಮುಕಿಸುವವರಿದ್ದಾರೆ. ಅದು ಕರಕರ ಐಸಾಗುತ್ತದೆ. ಸಕ್ಕರೆ, ನೀರು ಸಮ ತೂಕ ಹಾಕಿ ಕಾಯಿಸಿ ಆರಿಸಿದ ಪಾಕವನ್ನು ಹಾಳೆಗೆ ಮೂರು ದೊಡ್ಡ ಚಮಚದಂತೆ ಹಾಕಿದರೆ ಅದು ಹಾಲಿನಂತೆ ಕಲ್ಲಾಗುವುದಿಲ್ಲ.

ಮುಖ್ಯ ತಪ್ಪು ನಡೆಯುವುದು ‘ಹೊರಗಿಟ್ಟು ಮೆತ್ತಗಾಗಿಸಿ’ ಎಂಬಲ್ಲಿ. 38 ಡಿಗ್ರಿಯ ಅಡುಗೆಮನೆಯಲ್ಲಿ ಡಬ್ಬಿಯ ಅಂಚು ಕರಗಿ ಹರಿಯುವಾಗ ನಡುಭಾಗ ಇನ್ನೂ ಕಲ್ಲಾಗಿರುತ್ತದೆ. ಡಬ್ಬಿಯನ್ನು ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 20-25 ನಿಮಿಷ ಇಡಬೇಕು. ಚಮಚದಲ್ಲಿ ಒತ್ತಿದರೆ ಹರಡಬೇಕು, ಹರಿಯಬಾರದು. ಕಾರ್ಖಾನೆಯಲ್ಲಿ ಐಸ್‌ಕ್ರೀಮನ್ನು ಮೈನಸ್ 30ಕ್ಕಿಂತ ಕೆಳಗಿನ ಥಂಡಿಯಲ್ಲಿ ಬೇಗ ಗಟ್ಟಿ ಮಾಡುವುದರಿಂದ ಅದರ ಹರಳು ನಾಲಿಗೆಗೆ ಸಿಗದಷ್ಟು ಸಣ್ಣದು. ಒಮ್ಮೆ ಕರಗಿ ಮನೆಯ ಫ್ರೀಜರ್‌ನಲ್ಲಿ ನಿಧಾನವಾಗಿ ಮತ್ತೆ ಗಟ್ಟಿಯಾದರೆ ಹರಳು ದಪ್ಪವಾಗುತ್ತದೆ, ಒಳಗಿದ್ದ ಗಾಳಿಯೂ ಹೋಗುತ್ತದೆ. ಮರಳು ಮರಳಾದ ಕೇಕಿಗೆ ಕಾರಣ ಇದೇ, ಬ್ರ್ಯಾಂಡ್ ಅಲ್ಲ.

ಟಿನ್ನನ್ನೂ ಅರ್ಧ ಗಂಟೆ ಮೊದಲೇ ಫ್ರೀಜರ್‌ನಲ್ಲಿಟ್ಟು, ಒಳಸುತ್ತಿಗೆ ಬಟರ್ ಪೇಪರ್ ಹಾಕಿ. ತಳಕ್ಕೆ ಸ್ಪಂಜ್, ಪಾಕ, ಮತ್ತೆ ಅರ್ಧ ಗಂಟೆ ಫ್ರೀಜರ್. ನಂತರ ಅರ್ಧ ಲೀಟರ್ ಐಸ್‌ಕ್ರೀಮ್ ತುಂಬಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಮೂರು ಗಂಟೆ. ಇನ್ನರ್ಧ ಲೀಟರ್ ಅಷ್ಟು ಹೊತ್ತೂ ಫ್ರೀಜರ್‌ನಲ್ಲೇ ಇರಲಿ. ಮುಂದಿನ ಪದರ ಹಾಕುವ ಮುಂಚೆ ಮೇಲೆ ಕೂತ ಬಿಳಿ ಹಿಮವನ್ನು ಚಮಚದಿಂದ ಕೆರೆದು ತೆಗೆಯಿರಿ. ಇಲ್ಲವಾದರೆ ಕೊಯ್ಯುವಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ. ನಡುವೆ ಶೇಂಗಾ ಚಿಕ್ಕಿಯ ತರಿ ಹಾಕುವುದು ನಮ್ಮ ಕಡೆಗೆ ಒಪ್ಪುವ ರುಚಿ. ಆದರೆ ಬೆಲ್ಲ ತೇವ ಎಳೆದು ಅಂಟಂಟಾಗುತ್ತದೆ. 100 ಗ್ರಾಂ ಚಿಕ್ಕಿ ತರಿಗೆ 50 ಗ್ರಾಂ ಕರಗಿಸಿದ ಚಾಕಲೇಟ್ ಕಲಸಿ, ಆರಿಸಿ ಹಾಕಿದರೆ ಕೊನೆಯವರೆಗೂ ಕರುಮ್ ಎನ್ನುತ್ತದೆ. ಆಮೇಲೆ ಎರಡನೇ ಸ್ಪಂಜ್, ಪಾಕ, ಉಳಿದ ಐಸ್‌ಕ್ರೀಮ್. ಕೊನೆಗೆ ರಾತ್ರಿಯಿಡೀ, ಕಡಿಮೆಯೆಂದರೆ ಎಂಟು ಗಂಟೆ, ಫ್ರೀಜರ್‌ನಲ್ಲಿರಬೇಕು.

ಕೊಪ್ಪಳದ ಕೇಸರ್ ಮಾವು ಸಿಗುವ ಕಾಲದಲ್ಲಿ ಅದನ್ನು ಬಿಡುವುದು ಯಾರಿಗೂ ಆಗದು. ಹಸಿ ತಿರುಳು ಸುರಿದರೆ ಮಾತ್ರ ಅದರ ನೀರು ಗಾಜಿನ ಚೂರಿನಂತೆ ಹಲ್ಲಿಗೆ ಸಿಗುತ್ತದೆ. 500 ಗ್ರಾಂ ತಿರುಳಿಗೆ 60 ಗ್ರಾಂ ಸಕ್ಕರೆ ಹಾಕಿ 300 ಗ್ರಾಮಿಗೆ ಇಳಿಯುವವರೆಗೆ ಕುದಿಸಿ, ಆರಿಸಿ ಬಳಸಿ. ಬಳ್ಳಾರಿ ಕಡೆಯ ಅಂಜೂರ ಒಣಗಿಸಿದ್ದಾದರೆ ಈ ತಾಪತ್ರಯವಿಲ್ಲ: ಬಿಸಿ ಹಾಲಿನಲ್ಲಿ ನೆನೆಸಿ ರುಬ್ಬಿದರೆ ಸಾಕು.

ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಹೆಸರು ಓದಿ. ಐಸ್‌ಕ್ರೀಮ್ ಎಂದಿದ್ದರೆ ಹಾಲಿನ ಕೊಬ್ಬು, ಫ್ರೋಜನ್ ಡೆಸರ್ಟ್ ಎಂದಿದ್ದರೆ ಸಸ್ಯಜನ್ಯ ಎಣ್ಣೆಯ ಕೊಬ್ಬು. ಕೇಕಿಗೆ ಎರಡೂ ಆಗುತ್ತವೆ, ಹಾಲಿನದಕ್ಕೆ ರುಚಿ ಹೆಚ್ಚು. ಒಂದೇ ಅಳತೆಯ ಎರಡು ಡಬ್ಬಿ ಎರಡು ಕೈಯಲ್ಲಿ ಹಿಡಿದು ನೋಡಿ, ಭಾರದ್ದನ್ನೇ ಆರಿಸಿ. ಹಗುರದ್ದರಲ್ಲಿ ಗಾಳಿ ಜಾಸ್ತಿ, ಕರಗಿದರೆ ಅರ್ಧಕ್ಕೆ ಕುಸಿಯುತ್ತದೆ. ಮೇಲಲಂಕಾರಕ್ಕೆ ಶೇ 25 ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಏಳುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯ ವಿಪ್ಪಿಂಗ್ ಕ್ರೀಮ್ ತಂದು, ಅದು ಪೂರ್ತಿ ಕರಗದೆ ಒಳಗೆ ಸ್ವಲ್ಪ ಐಸ್ ಚೂರು ಇರುವಾಗಲೇ, ಐಸಿನ ಮೇಲೆ ಪಾತ್ರೆಯಿಟ್ಟು ಕಡೆಯಿರಿ.

ಇನ್ನು ಕರೆಂಟು. ನಮ್ಮ ಕಡೆಯ ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳಲ್ಲೇ ಕರೆಂಟು ಹುಟ್ಟುತ್ತದೆ. ನಮ್ಮ ಫ್ರಿಜ್ಜಿಗೆ ಯಾವಾಗ ಬರಬೇಕೆಂಬುದು ಅದರ ಮರ್ಜಿ. ಕರೆಂಟು ಹೋದಾಗ ಬಾಗಿಲು ತೆರೆಯದಿರುವುದು ಮೊದಲ ನಿಯಮ. ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕರಗಿಸಿದ ಬಾಟಲಿಗಳನ್ನು, ಮೇಲೆ ಸ್ವಲ್ಪ ಜಾಗ ಬಿಟ್ಟು, ಎರಡು ದಿನ ಮೊದಲೇ ಫ್ರೀಜರ್‌ನಲ್ಲಿಟ್ಟಿರಿ. ಬರಿಯ ನೀರಿನ ಐಸ್ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಅದು ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಅಷ್ಟರಲ್ಲಿ ಐಸ್‌ಕ್ರೀಮ್ ಪೂರ್ತಿ ಹಾಲಾಗಿರುತ್ತದೆ. ಹೊಸಪೇಟೆಗೋ ಸಿಂಧನೂರಿಗೋ ಕೇಕ್ ಒಯ್ಯುವವರು ಸುತ್ತ ಐಸ್ ತುಂಬಿಯೂ ಕರಗಿದ ಕೇಕ್ ಇಳಿಸುವುದು ಇದರಿಂದಲೇ. ಕುಲ್ಫಿಯವರು ಮಡಕೆಯಲ್ಲಿ ಮಾಡುವುದನ್ನೇ ಮಾಡಿ: ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ. ಅದು ಮೈನಸ್ 18ರ ಆಸುಪಾಸಿಗೆ ಇಳಿಯುತ್ತದೆ. ಕೇಕನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಉಪ್ಪು-ಐಸನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಕೆಳಗೆ, ಸುತ್ತ, ಮೇಲೆ ಜೋಡಿಸಿ, ಥರ್ಮೋಕೋಲ್ ಪೆಟ್ಟಿಗೆ ಮುಚ್ಚಿ ಟೇಪ್ ಹಾಕಿ. ರಟ್ಟಿನ ಡಬ್ಬಿ ಬೇಡ, ಉಪ್ಪುನೀರು ನುಗ್ಗಿದರೆ ಕೇಕ್ ಹೋಯಿತು.

ಮುಂದೆ ಇಂಥ ಅಡುಗೆ ಪ್ರಕಟಿಸುವಾಗ ಟಿನ್ನಿನ ಅಳತೆ, ಗ್ರಾಂ ಲೆಕ್ಕ ಮತ್ತು ಫ್ರೀಜರಿನ ಡಿಗ್ರಿ ಇಲ್ಲದೆ ಹಾಕಬೇಡಿ ಎಂದು ವಿನಂತಿ. ಮಿಕ್ಕಿದ್ದನ್ನು ಮತ್ತೆ ಫ್ರೀಜರ್‌ನಲ್ಲಿಡಬಹುದು ಎಂಬ ಕೊನೆಯ ಸಾಲನ್ನಂತೂ ತಿದ್ದಲೇಬೇಕು. ಗಟ್ಟಿಯಿರುವಾಗಲೇ ಕೊಯ್ದು ಒಳಗಿಟ್ಟರೆ ಸರಿ. ತಟ್ಟೆಯಲ್ಲಿ ಕರಗಿ ಹೊತ್ತು ಕಳೆದದ್ದನ್ನು, ಅದೂ ನಮ್ಮ ಮೇ ತಿಂಗಳಲ್ಲಿ, ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬಾರದು. ಥಂಡಿಗೆ ಕ್ರಿಮಿ ಸಾಯುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ.

— ಮನೆಯಿಂದಲೇ ಕೇಕ್ ಮಾಡಿಕೊಡುವವರು, ಬಳ್ಳಾರಿ