ಶ್ರೀಲಂಕಾ ಕಾರ್ಯಾಚರಣೆಯ ಕಡತಗಳನ್ನು ತೆರೆಸಿ: ನಮ್ಮ ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ಯುದ್ಧ ಮತ್ತು ಸೇನಾ ಕಾರ್ಯಾಚರಣೆಗಳ ದಾಖಲೆಗಳು ಸಾಮಾನ್ಯವಾಗಿ 25 ವರ್ಷಗಳಲ್ಲಿ ಗೋಪ್ಯತೆಯಿಂದ ಮುಕ್ತವಾಗಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯವು 2021ರ ಜೂನ್‌ನಲ್ಲಿ ಪ್ರಕಟಿಸಿತು. ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಶ್ರೀಲಂಕಾದಿಂದ ಹೊರಟದ್ದು 1990ರ ಮಾರ್ಚ್ 24ರಂದು. ಆ ಲೆಕ್ಕದಲ್ಲಿ ಗಡುವು ಮೀರಿ ಹಲವು ವರ್ಷಗಳಾಗಿವೆ. ಈ ವಿಷಯವನ್ನು ತಾವು ಸದನದಲ್ಲಿ ಎತ್ತಬೇಕೆಂಬುದು ನನ್ನ ಕೋರಿಕೆ.

1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಸಹಿ ಹಾಕಿದ ಒಪ್ಪಂದವು, ಕದನ ನಿಂತ 72 ಗಂಟೆಗಳೊಳಗೆ ತಮಿಳು ಉಗ್ರಗಾಮಿಗಳು ಶಸ್ತ್ರ ಒಪ್ಪಿಸಬೇಕೆಂದು ಹೇಳಿತ್ತು. ಅದರ ಜಾರಿಗೆಂದು ಹೋದ ನಮ್ಮ ಸೇನೆ ಅಲ್ಲಿ ಉಳಿದದ್ದು ಸುಮಾರು 32 ತಿಂಗಳು. ಶಾಂತಿ ಕಾಯಲೆಂದು ಹೋದವರು ಅಕ್ಟೋಬರ್ ಹೊತ್ತಿಗೆ ಆ ಉಗ್ರಗಾಮಿಗಳ ಪ್ರಬಲ ಸಂಘಟನೆಯಾದ ಎಲ್‌ಟಿಟಿಇ ವಿರುದ್ಧ ಯುದ್ಧಕ್ಕಿಳಿದಿದ್ದರು. ಆ ಸಂಘಟನೆಗೆ ಹಿಂದೆ ತರಬೇತಿ ಸಿಕ್ಕಿದ್ದು ನಮ್ಮದೇ ನೆಲದಲ್ಲಿ ಎಂಬುದನ್ನು ಯಾವ ಸರ್ಕಾರವೂ ಬಾಯ್ತುಂಬ ಹೇಳಿಕೊಳ್ಳುವುದಿಲ್ಲ.

ಅಕ್ಟೋಬರ್ 11ರ ರಾತ್ರಿ ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಇಳಿಸಲಾಯಿತು. ಎದುರಾಳಿಗಳು ಮೊದಲೇ ಕಾದು ಕುಳಿತಿದ್ದರು. ಸಿಖ್ ಲಘು ಪದಾತಿ ದಳದ 30 ಮಂದಿಯಲ್ಲಿ ಬದುಕುಳಿದು ಸೆರೆಸಿಕ್ಕವನು ಒಬ್ಬನೇ. ಸುಳಿವು ಸೋರಿದ್ದು ಹೇಗೆ, ಯೋಜನೆಗೆ ಒಪ್ಪಿಗೆ ಕೊಟ್ಟವರು ಯಾರು? ಕೆಲವೇ ದಿನಗಳ ಬಳಿಕ ಜಾಫ್ನಾ ಆಸ್ಪತ್ರೆಯಲ್ಲಿ ರೋಗಿಗಳು, ವೈದ್ಯರು, ದಾದಿಯರು ನಮ್ಮ ಪಡೆಯ ಗುಂಡಿಗೆ ಬಲಿಯಾದರೆಂಬ ಆರೋಪಕ್ಕೂ ದಾಖಲೆಗಳೇ ಉತ್ತರ ಹೇಳಬೇಕು, ಆ ಉತ್ತರ ನಮಗೆ ಕಹಿಯಾಗಿದ್ದರೂ ಸರಿ.

ಸದ್ಯಕ್ಕೆ ನಮ್ಮಂಥ ಓದುಗರಿಗೆ ಆಧಾರವೆಂದರೆ ಮುಖ್ಯವಾಗಿ ನಿವೃತ್ತರ ನೆನಪುಗಳು. ಮಾತುಕತೆಗೆ ಬರುವ ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್‌ಗೆ ಗುಂಡಿಕ್ಕುವಂತೆ ರಾಯಭಾರಿ ಜೆ.ಎನ್. ದೀಕ್ಷಿತ್ ತಮಗೆ ಸೂಚಿಸಿದ್ದರೆಂದೂ ಅದನ್ನು ತಾವು ನಿರಾಕರಿಸಿದೆವೆಂದೂ ಅಲ್ಲಿ ಪಡೆಯನ್ನು ಮುನ್ನಡೆಸಿದ ಮೇಜರ್ ಜನರಲ್ ಹರ್‌ಕೀರತ್ ಸಿಂಗ್ ಬರೆದಿದ್ದಾರೆ. ಇಷ್ಟು ಗುರುತರವಾದ ಮಾತು ಒಬ್ಬರ ನೆನಪಿನ ಮೇಲಷ್ಟೇ ನಿಲ್ಲುವುದು ಬರೆದವರಿಗೂ ದೀಕ್ಷಿತರಿಗೂ ನ್ಯಾಯವಲ್ಲ.

1989ರಲ್ಲಿ ಅಧ್ಯಕ್ಷ ಪ್ರೇಮದಾಸ ನಮ್ಮ ಸೇನೆ ಹೊರಡಬೇಕೆಂದು ಪಟ್ಟು ಹಿಡಿದದ್ದಲ್ಲದೆ, ಅದರ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇಗೇ ಆಯುಧ ಒದಗಿಸಿದರು. ನಾವು ಕಳೆದುಕೊಂಡದ್ದು ಸುಮಾರು 1,200 ಸೈನಿಕರನ್ನು. ಮೇಜರ್ ರಾಮಸ್ವಾಮಿ ಪರಮೇಶ್ವರನ್‌ಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರೂ ಅಲ್ಲಿ ಹೋರಾಡಿದ್ದರು. ಕದನದ ಬೆನ್ನಿಗೇ ಬಂದ ರಾಜೀವ್ ಹತ್ಯೆಯ ಸೂತ್ರಧಾರಿ, ಎಲ್‌ಟಿಟಿಇಯ ಶಿವರಾಸನ್ 1991ರ ಆಗಸ್ಟ್‌ನಲ್ಲಿ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ.

ಈ ಕಾರ್ಯಾಚರಣೆಯ ಯಾವ ಕಡತಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿವೆ, ಯಾವುವನ್ನು ಯಾವ ಕಾರಣಕ್ಕೆ ತಡೆಹಿಡಿಯಲಾಗಿದೆ ಎಂದು ತಾವು ಪ್ರಶ್ನೋತ್ತರ ವೇಳೆಯಲ್ಲಿ ರಕ್ಷಣಾ ಸಚಿವರನ್ನು ಕೇಳಬೇಕು. 2021ರ ನೀತಿಯು ಇತಿಹಾಸವನ್ನು ಮೊದಲು ಇಲಾಖೆಯ ಒಳಬಳಕೆಗೆ ಸೀಮಿತಗೊಳಿಸಿ, ಪ್ರಕಟಣೆಯ ತೀರ್ಮಾನವನ್ನು ಮುಂದಕ್ಕೆ ಬಿಡುತ್ತದೆ. ಆ ತೀರ್ಮಾನಕ್ಕೊಂದು ದಿನಾಂಕವನ್ನೂ ಕೇಳಿ. ಸಚಿವರ ಲಿಖಿತ ಉತ್ತರದ ಪ್ರತಿಯನ್ನು ಕ್ಷೇತ್ರದ ತಮ್ಮ ಕಚೇರಿಯಲ್ಲಿ ಜನರ ಓದಿಗೆ ಇರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ