ನಾಮಶೂದ್ರರನ್ನು ಪಟ್ಟಿಗೆ ಸೇರಿಸಿ: ಕೊಪ್ಪಳ ಸಂಸದರಿಗೆ ಸಿಂಧನೂರು ಕ್ಯಾಂಪಿನಿಂದ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ, ಅಂದರೆ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ, ರೈತ ನಾನು. ಜಿಲ್ಲೆ ರಾಯಚೂರಾದರೂ ನಮ್ಮ ಮತ ಕೊಪ್ಪಳ ಕ್ಷೇತ್ರಕ್ಕೆ, ಹಾಗಾಗಿ ಈ ಪತ್ರ ನಿಮಗೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಗೆ ನಮ್ಮ ಬಂಗಾಳಿ ಜಾತಿಯಾದ ನಾಮಶೂದ್ರರನ್ನು ಸೇರಿಸಬೇಕೆಂದು ಲೋಕಸಭೆಯಲ್ಲಿ ಎದ್ದು ನಿಂತು ಕೇಳಿ.

ನನ್ನ ತಂದೆ ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾದವರು. 1964ರ ಗಲಭೆಯಲ್ಲಿ ಮನೆ ಬಿಟ್ಟು ರಾಯಪುರದ ಬಳಿಯ ಮಾನಾ ಶಿಬಿರ ಸೇರಿದರು. ಅಲ್ಲಿಂದ ಇಲ್ಲಿಗೆ ಕರೆತಂದದ್ದು ಸರ್ಕಾರವೇ. 1971ರ ಯುದ್ಧದಲ್ಲಿ ಒಂದು ಕೋಟಿಯಷ್ಟು ಜನ ಗಡಿ ದಾಟಿದಾಗ ತಂದೆಯ ಬಂಧುಗಳೂ ಬಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಸರ್ಕಾರ ಭೂಮಿ ಕೊಟ್ಟಿತು. ಸುತ್ತಲಿನ ಊರಿನವರು ಎತ್ತು ಕೊಟ್ಟರು, ಎರೆ ಹೊಲದ ಬೇಸಾಯ ಹೇಳಿಕೊಟ್ಟರು, ನಮ್ಮ ತಾಯಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದರು. ಆ ಋಣ ನಮ್ಮ ಮೇಲಿದೆ. ಆದರೆ ಸರ್ಕಾರಕ್ಕೆ ಮಾತ್ರ ಪಟ್ಟಾ ಕೊಟ್ಟ ದಿನವೇ ನಮ್ಮ ಪುನರ್ವಸತಿ ಮುಗಿದುಹೋಯಿತು.

ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು. ನರ್ಸಿಂಗ್ ಸೇರಲು ಜಾತಿ ಪ್ರಮಾಣಪತ್ರ ಬೇಕೆಂದು ಅವಳನ್ನು ಒಂದು ಕಚೇರಿಗೆ ಕರೆದುಕೊಂಡು ಹೋದೆ. ಸಿಬ್ಬಂದಿಯೊಬ್ಬರು ಅರ್ಜಿ ನೋಡಿ, "ಈ ಜಾತಿ ಇಲ್ಲಿಲ್ಲ, ನಿಮ್ಮ ಬಂಗಾಳಕ್ಕೆ ಹೋಗಿ ತನ್ನಿ" ಎಂದರು. ಅಲ್ಲಿಗೇ ಬಿಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, "ನೀವು ಬಾಂಗ್ಲಾದಿಂದ ಬಂದದ್ದು ಯಾವಾಗ?" ಎಂದು ಕೇಳಿದರು. ಬಂದದ್ದು ಯಾವಾಗ ಎಂದರೇನು? ನಾನು 1974ರಲ್ಲಿ ಇದೇ ಕ್ಯಾಂಪಿನಲ್ಲಿ ಹುಟ್ಟಿದವನು. 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಭಾರತೀಯ ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ನನ್ನ ಹೆಂಡತಿಯೂ ಅದಕ್ಕೆ ಮೊದಲೇ ಇಲ್ಲಿ ಹುಟ್ಟಿದವಳು. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಆ ಮಾತಾಡಿದವರಿಗೆ ಹೆಣ್ಣುಮಕ್ಕಳಿಲ್ಲವೇ?

ಬಂಗಾಳದ ಪತ್ರ ತಂದರೂ ಇಲ್ಲಿನ ಮೀಸಲಾತಿಗೆ ಅದು ನಡೆಯುವುದಿಲ್ಲ, ಅದು ಅವರಿಗೂ ಗೊತ್ತು. ಕೊನೆಗೆ ಸಾಮಾನ್ಯ ವರ್ಗದ ಶುಲ್ಕ ಕಟ್ಟಲು ಬೇಸಿಗೆ ಬೆಳೆಯ ಭತ್ತವನ್ನು ಕಟಾವಿಗೆ ಮೊದಲೇ ದಲಾಲಿ ಅಂಗಡಿಗೆ ಬರೆದುಕೊಟ್ಟೆ. ಆ ಸಾಲ ಇನ್ನೂ ತೀರಿಲ್ಲ.

ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೂ ಬೇರೆ ಎನ್ನುವ ಸಂವಿಧಾನದ 341ನೇ ವಿಧಿಯನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿಯವರು. ಅದೇ ಜನ, ಅದೇ ಕುಲ, ಸರ್ಕಾರ ರೈಲು ಹತ್ತಿಸಿ ಸಿಂಧನೂರಿಗೆ ತಂದ ತಪ್ಪಿಗೆ ಇಲ್ಲಿ ಏನೂ ಅಲ್ಲ. ಇಲ್ಲಿನ ಪಟ್ಟಿಗೆ ಸೇರಿಸಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಇದು ಆಗದ ಕೆಲಸವಲ್ಲ. 2020ರಲ್ಲಿ ಪರಿವಾರ, ತಳವಾರರನ್ನು, 2022ರಲ್ಲಿ ಬೆಟ್ಟ ಕುರುಬರನ್ನು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸಂಸತ್ತು ಸೇರಿಸಿತು. ಅವರಿಗೆ ನ್ಯಾಯ ಸಿಕ್ಕಿದ್ದು ನಮಗೂ ಸಂತೋಷ. ನಮ್ಮ ಸರದಿ ಯಾವಾಗ?

ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಕ್ಯಾಂಪಿಗೆ ಬರುತ್ತಾರೆ. ದುರ್ಗಾ ಪೂಜೆಯ ಪೆಂಡಾಲಿನಲ್ಲಿ ಹಾರ ಹಾಕಿಸಿಕೊಂಡು "ಮಾಡಿಸುತ್ತೇವೆ" ಎನ್ನುತ್ತಾರೆ. ನಮ್ಮ ತಂದೆ ಆ ಮಾತು ನಂಬಿಯೇ ತೀರಿಕೊಂಡರು. ನನಗೆ ನಂಬುವ ತಾಳ್ಮೆ ಉಳಿದಿಲ್ಲ, ಕ್ಷಮಿಸಿ.

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ. ರಾಜ್ಯ ಸರ್ಕಾರದ ಶಿಫಾರಸು ಎಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಿ, ಬಂದ ಉತ್ತರವನ್ನು ಕ್ಯಾಂಪಿಗೆ ಬಂದು ನಮ್ಮೆದುರು ಓದಿ. ನಾಮಶೂದ್ರರನ್ನು ಪಟ್ಟಿಗೆ ಸೇರಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ,
ಆರ್.ಎಚ್. ಕ್ಯಾಂಪ್, ಸಿಂಧನೂರು ತಾಲ್ಲೂಕು