ಬಂದರಿಗಿಂತ ಮೊದಲು ಗಜನಿ ನೋಡಿ

ಮಾನ್ಯ ಸಂಪಾದಕರೇ,

ಕರಾವಳಿಯ ಅಭಿವೃದ್ಧಿ ಅಂದ ಕೂಡಲೇ ಬಂದರಿನ ಮಾತು ಬರುತ್ತದೆ. ಕೇಣಿ, ಕಾಸರಕೋಡು, ತದಡಿ ಅಂತ ಹೆಸರು ಮಾತ್ರ ಬದಲಾಗುತ್ತದೆ. ನಾನು ಕುಮಟಾ ತಾಲೂಕಿನ ಅಘನಾಶಿನಿ ಹೊಳೆ ದಂಡೆಯ ರೈತ, ನಮ್ಮ ಗದ್ದೆ ಇರುವುದು ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರನ್ನು ಕಟ್ಟೆ ಹಾಕಿ ತಡೆದ ತಗ್ಗು ಬಯಲಿನಲ್ಲಿ. ಬಂದರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ನಮ್ಮ ತಾಲೂಕು ಒಮ್ಮೆ ಕಂಡಿದೆ.

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ 19ನೇ ಶತಮಾನದ ಮುಂಬೈ ಪೇಟೆಯಲ್ಲಿ ‘ಕುಮಟಾ ಹತ್ತಿ’ಗೆ ಹೆಸರಿತ್ತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ನಮ್ಮ ಬಂದರಿಗೆ ಬರುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಮಿಲ್ಲುಗಳಿಗೆ ಅಲ್ಲಿನ ಹತ್ತಿ ಸಿಗದಾದಾಗ ನಮ್ಮ ಕಡೆಯ ಹತ್ತಿಗೂ ಬೇಡಿಕೆ ಏರಿತು. ಮರುವರ್ಷ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಸರ್ಕಾರದ ಕಣ್ಣು ಕುಮಟಾ ಬಿಟ್ಟು ಕಾರವಾರ ಬಂದರಿನ ಮೇಲೆ ಬಿತ್ತು. 1880ರ ದಶಕದಲ್ಲಿ ಗೋವಾದ ಮುರಗಾವಿ ಬಂದರಿಗೆ ರೈಲು ಬಂದ ಮೇಲೆ ಹತ್ತಿ ಆ ಕಡೆ ಹೊರಳಿತು. ನಮ್ಮೂರಿನ ಸರಕೂ ಹೋಯಿತು, ಕೂಲಿಯೂ ಹೋಯಿತು. ನಮಗೆ ರೈಲು ಸಿಕ್ಕಿದ್ದು ಕೊಂಕಣ ರೈಲ್ವೆ ಬಂದಾಗ, ಅಂದರೆ 1990ರ ದಶಕದಲ್ಲಿ!

ಅಷ್ಟು ವರ್ಷ ದಂಡೆಯ ಊರುಗಳನ್ನು ಸಾಕಿದ್ದು ಈ ಹೊಳೆ. ಸಾಣಿಕಟ್ಟಾದಲ್ಲಿ ಉಪ್ಪು. ಗಜನಿಯಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ. ಮಳೆ ನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತುತ್ತೇವೆ, ಗೊಬ್ಬರ ಹಾಕುವುದಿಲ್ಲ. ನೆರೆಯಲ್ಲಿ ನಾಲ್ಕು ದಿನ ಮುಳುಗಿದರೂ ಕಗ್ಗ ಮತ್ತೆ ತಲೆ ಎತ್ತುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಕೂಳೆ ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವಾಗುತ್ತದೆ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾರೆ. ಎಷ್ಟೋ ಮನೆಗಳ ಸಂತೆ ಖರ್ಚು ಅದರಿಂದಲೇ ನಡೆಯುತ್ತದೆ. ಬೇರೆ ದೊಡ್ಡ ಹೊಳೆಗಳ ಹಾಗೆ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ, ಅದಕ್ಕೇ ಇದೆಲ್ಲ ಇನ್ನೂ ಇದೆ.

2024ರಲ್ಲಿ ಇಲ್ಲಿನ ಅಳಿವೆಯ 4,801 ಹೆಕ್ಟೇರ್ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ನಮಗೆಲ್ಲ ತುಂಬಾ ಖುಷಿಯಾಯಿತು. ಆದರೆ ಪಟ್ಟಿಯಲ್ಲಿ ಹೆಸರು ಬಂದರೆ ಒಡೆದ ಕಟ್ಟೆ ತಾನಾಗೇ ಕೂಡಿಕೊಳ್ಳುವುದಿಲ್ಲ ಅಲ್ವಾ? ಕಟ್ಟೆ ಸರಿಯಿಲ್ಲದೆ, ಇನ್ನು ಕೆಲವು ಕಡೆ ಶೆಟ್ಲಿ ಸಾಕಣೆಗೆಂದು ವರ್ಷವಿಡೀ ಉಪ್ಪುನೀರು ನಿಲ್ಲಿಸಿ, ಎಷ್ಟೋ ಗಜನಿಗಳಲ್ಲಿ ಕಗ್ಗ ಬಿತ್ತುವುದೇ ನಿಂತಿದೆ. ಬೀಜ ಉಳಿಸಿಕೊಂಡಿರುವವರು ಕೆಲವೇ ಜನ. ಅವರು ಬಿತ್ತುವುದು ಬಿಟ್ಟರೆ ಮತ್ತೆ ಎಲ್ಲಿಂದ ತರುವುದು?

ಅಳಿವೆಯ ಬಾಯಲ್ಲಿ ದೊಡ್ಡ ಬಂದರು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೇಕು ಅನ್ನುವವರು ಮೊದಲು ಒಂದು ಕೆಲಸ ಮಾಡಲಿ. ಈ ಹೊಳೆಯಿಂದ ವರ್ಷಕ್ಕೆ ಎಷ್ಟು ಉಪ್ಪು, ಭತ್ತ, ಮೀನು, ಬೆಳಚು ಬರುತ್ತದೆ, ಎಷ್ಟು ಮನೆ ನಡೆಯುತ್ತವೆ ಎಂದು ಲೆಕ್ಕ ತೆಗೆದು ಊರಿನವರ ಮುಂದೆ ಇಡಲಿ. ಅಲ್ಲಿಯವರೆಗೆ ಗಜನಿ ಕಟ್ಟೆಗಳನ್ನು ಬರುವ ಮಳೆಗಾಲದೊಳಗೆ ದುರಸ್ತಿ ಮಾಡಿಸಬೇಕು. ಕಗ್ಗ ಬಿತ್ತುವವರಿಗೆ ಎಕರೆಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡಬೇಕು. ಅಷ್ಟು ಮಾಡಿದರೆ ಪಾಳು ಬಿದ್ದ ಗದ್ದೆಗೆ ಇಳಿಯಲು ನಮ್ಮ ಹುಡುಗರು ತಯಾರಿದ್ದಾರೆ.

– ಒಬ್ಬ ಗಜನಿ ರೈತ, ಕುಮಟಾ ತಾಲೂಕು